ದಾಸವಾಳದ ಗಿಡದಲ್ಲಿ ಪಿಕಳಾರ ಗೂಡು ಕಟ್ಟಿದೆ, ಔಷಧಿ ಹೊಡಿಯೋದಾ ಬೇಡ್ವಾ? ಪೇಂಟಿಂಗ್ ಬೇರೆ ಇದೆ

ತುಳಸಿಕಟ್ಟೆ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದ್ಕೊಂಡ್ ಹೋಗ್ತಿದ್ದೆ, ಇವತ್ತು ಕೇಳ್ದೆ ವಿಧಿ ಇಲ್ಲ ಅಂತ ಬರೀತಿದೀನಿ. ಸ್ವಲ್ಪ ಉದ್ದ ಆಗತ್ತೆ, ಬೇಜಾರ್ ಮಾಡ್ಕೋಬೇಡಿ.

ನಮ್ದು ಮೈಸೂರು. 40-60 ಸೈಟು, ಮನೆ ಕಟ್ಟಿ ಉಳಿದಿರೋ ಜಾಗದಲ್ಲಿ ಒಂದು ಸೀಬೆ, ಒಂದು ಕರಿಬೇವು, ಎರಡು ಬಾಳೆ, ಕಾಂಪೌಂಡ್ ಉದ್ದಕ್ಕೂ ದಾಸವಾಳ ನಂದಬಟ್ಲು. ಎಲ್ಲಾ ನಮ್ಮತ್ತೆ ಹಾಕಿದ್ದು, ಪೂಜೆಗೆ ಹೂವು ಬೇಕಲ್ಲ. ಪೋರ್ಟಿಕೋ ಕಂಬಕ್ಕೆ ಒರಗಿಕೊಂಡು ಒಂದು ಕೆಂಪು ದಾಸವಾಳ ಇದೆ, ನನ್ನ ಎದೆ ಮಟ್ಟಕ್ಕೆ ಅದರಲ್ಲಿ ಜುಟ್ಟು ಇರೋ ಪಿಕಳಾರ ಗೂಡು ಕಟ್ಟಿದೆ, ಕೆನ್ನೆ ಕೆಂಪು, ಬಾಲದ ಬುಡ ಕೆಂಪು, ಅದೇ. ಕಟ್ಟಿದ್ದು ನಮಗೆ ಗೊತ್ತೇ ಆಗ್ಲಿಲ್ಲ ನೋಡಿ. ಒಂದು ವಾರದಿಂದ ಬಾಗ್ಲಲ್ಲಿರೋ ತೆಂಗಿನ ನಾರಿನ ಕಾಲೊರೆಸೋದು ಒಂದು ಮೂಲೇಲಿ ಕಿತ್ತು ಕಿತ್ತು ಬರ್ತಿತ್ತು, ನಾನು ಇಲಿ ಅನ್ಕೊಂಡು ಬೋನು ಬೇರೆ ಇಟ್ಟಿದ್ದೆ! ಮೊನ್ನೆ ಹೂವು ಕೀಳೋಕೆ ಕೊಂಬೆ ಬಗ್ಗಿಸಿದ್ರೆ ಅದೇ ನಾರು ಬಟ್ಟಲಿನ ಥರ ಸುತ್ತಿಕೊಂಡು ಕೂತಿದೆ, ಅಂಚಿಗೆ ಹಾಲಿನ ಪ್ಯಾಕೆಟ್ಟಿನ ನೀಲಿ ಚೂರು ಒಂದು ಸಿಕ್ಕಿಸಿದೆ, ಒಳಗೆ ಎರಡು ಮೊಟ್ಟೆ. ತಿಳಿ ಗುಲಾಬಿ ಮೇಲೆ ಕೆಂಪು ಕೆಂಪು ಚುಕ್ಕೆ.

ಈಗ ಸಮಸ್ಯೆ ಏನಂದ್ರೆ ಎರಡು. ಒಂದು, ಅದೇ ಗಿಡಕ್ಕೆ ಬಿಳೀ ಹಿಟ್ಟು ಹುಳ ಬಿದ್ದಿದೆ, ಅತ್ತೆ ಔಷಧಿ ತಂದಿಟ್ಟಿದಾರೆ, ಹೊಡೀದಿದ್ರೆ ಬೇರೆ ಗಿಡಕ್ಕೂ ಹತ್ತತ್ತೆ ಅಂತಾರೆ. ಎರಡು, ನಾದಿನಿ ನಿಶ್ಚಿತಾರ್ಥ ನಮ್ಮನೇಲೇ, ಇವತ್ತಿಗೆ ಸರಿಯಾಗಿ 28 ದಿನ. ಪೇಂಟರ್‌ಗೆ ಅಡ್ವಾನ್ಸ್ ಕೊಟ್ಟಾಗಿದೆ, ಸೋಮವಾರದಿಂದ ಬರ್ತೀನಿ ಅಂದಿದಾನೆ. ನಮ್ಮನೆಯವ್ರು ಗೂಡನ್ನ ಮೆಲ್ಲಗೆ ಎತ್ತಿ ಸೀಬೆ ಮರಕ್ಕೆ ಕಟ್ಟಿಬಿಡೋಣ ಅಂತಾರೆ. ಹಾಗೆ ಮಾಡ್ಬಹುದಾ? ಮಗ ಐದನೇ ಕ್ಲಾಸು, ಗೂಡು ಮುಟ್ಟಿದ್ರೆ ಊಟ ಬಿಡ್ತೀನಿ ಅಂತ ಕೂತಿದಾನೆ.

ಅಂದ್ಹಾಗೆ ನಮ್ಮ ಕಾಂಪೌಂಡ್ ಮೇಲೆ ಬೆಳಿಗ್ಗೆ ಹೊತ್ತು ರತ್ನಪಕ್ಷಿ ಬರತ್ತೆ. ಅತ್ತೆ ಅದನ್ನ ನೋಡಿ ಕೈ ಮುಗಿದೇ ಕಾಫಿ ಕುಡಿಯೋದು, ಅದು ಕಂಡ ದಿನ ಎಲ್ಲಾ ಒಳ್ಳೇದಾಗತ್ತೆ ಅಂತೆ. ಪಿಕಳಾರನೂ ಬಂತು, ಮದುವೆ ಮನೆಗೆ ಇನ್ನೇನು ಬೇಕು ಅಂತ ಅವರೇ ಹೇಳ್ತಾರೆ, ಅವರೇ ಔಷಧಿ ಡಬ್ಬ ಹಿಡ್ಕೊಂಡು ನಿಂತಿದಾರೆ. ಏನ್ ಹೇಳ್ಲಿ.

ಅಡಿಕೆಸೋಗೆ

ಮೇಡಂ, ಮೊದ್ಲು ಗೂಡು ಎತ್ತೋ ವಿಚಾರ ಬಿಡಿ. ಎತ್ತಿ ಬೇರೆ ಮರಕ್ಕೆ ಕಟ್ಟಿದ್ರೆ ಹಕ್ಕಿ ಹುಡುಕ್ಕೊಂಡು ಅಲ್ಲಿಗೆ ಬರಲ್ಲ, ಮೊಟ್ಟೆ ಹಂತದಲ್ಲಂತೂ ಬಿಟ್ಟೇ ಹೋಗತ್ತೆ. ಅದಕ್ಕೆ ಗೊತ್ತಿರೋದು ಜಾಗ, ಗೂಡಲ್ಲ. ನಮ್ಮ ಸಾಗರದ ಮನೇಲಿ ಒಂದ್ಸಲ ಕೊಟ್ಟಿಗೆ ರಿಪೇರಿ ಅಂತ ಮಡಿವಾಳ ಹಕ್ಕಿ ಗೂಡನ್ನ ಹತ್ತೇ ಹತ್ತು ಅಡಿ ಆಚೆ ಇಟ್ಟು ಈ ತಪ್ಪು ಮಾಡಿದೀನಿ. ತಾಯಿ ಹಳೇ ಗೋಡೆ ತೂತಿನ ಮುಂದೆ ಹಾರಿ ಹಾರಿ ಕೂಗ್ತಿತ್ತು, ಹತ್ತಡಿ ದೂರದ ಗೂಡಿನ ಕಡೆ ತಿರುಗಿ ಸಹ ನೋಡ್ಲಿಲ್ಲ.

ಈಗ ಲೆಕ್ಕ ಹಾಕೋಣ. ಪಿಕಳಾರ ಸಾಮಾನ್ಯ ಎರಡೋ ಮೂರೋ ಮೊಟ್ಟೆ ಇಡತ್ತೆ, ದಿನಕ್ಕೊಂದು. ನಿಮ್ಮಲ್ಲಿ ಎರಡಿದೆ ಅಂದ್ರೆ ನಾಳೆ ಇನ್ನೊಂದು ಬಿದ್ರೂ ಬೀಳಬಹುದು. ಕಾವು ಕೂತ ಮೇಲೆ ಹನ್ನೆರಡು ದಿನ ಆಜುಬಾಜು, ಮರಿ ಒಡೆದ ಮೇಲೆ ಗೂಡಲ್ಲಿ ಇನ್ನೊಂದು ಹನ್ನೆರಡು ದಿನ. ಎಲ್ಲಾ ಸೇರಿ 25, 26 ದಿನ. ನಿಮ್ಗೆ ಇರೋದು 28. ಅಂದ್ರೆ ಆ ಒಂದು ಕಂಬ ಬಿಟ್ಟು ಉಳಿದ ಮನೆಯೆಲ್ಲ ಬಣ್ಣ ಹೊಡಿಸಿ, ಕೊನೇ ಎರಡು ದಿನಕ್ಕೆ ಕಂಬ ಇಟ್ಕೊಳಿ. ಹಕ್ಕಿಗೂ ಪೇಂಟರ್‌ಗೂ ಇಷ್ಟು ಹೊಂದಿಕೊಂಡು ಬಂದಿದ್ದು ನಿಮ್ಮ ಪುಣ್ಯ.

ಪೇಂಟರ್ ಹತ್ರ ಎರಡು ಮಾತು ಮೊದ್ಲೇ ಹೇಳ್ಬಿಡಿ. ಪೋರ್ಟಿಕೋದಲ್ಲಿ ಉಜ್ಜೋ ಕೆಲಸ, ಆ ಧೂಳು ಎಬ್ಬಿಸೋದು ಬೇಡ. ಏಣಿ ತಂದು ಆ ಗಿಡಕ್ಕೆ ಆನಿಸೋದೂ ಬೇಡ. ಇನ್ನು ನೀವೂ ದಿನಾ ಕೊಂಬೆ ಬಗ್ಗಿಸಿ ನೋಡ್ಬೇಡಿ. ನೀವು ಹೋಗಿ ಇಣುಕಿದ್ದನ್ನ ಕಾಗೆ ಮೇಲಿಂದ ನೋಡ್ತಾ ಇರತ್ತೆ, ಇವ್ರು ಯಾಕೆ ಅಲ್ಲಿಗೇ ಹೋಗ್ತಾರೆ ಅಂತ ಅದೂ ಬರತ್ತೆ. ಕಾಗೆಗೆ ಅಷ್ಟು ಬುದ್ಧಿ ಇದೆ.

ಒಂದು ಮಾತು ಹೇಳ್ಳೋ ಬೇಡ್ವೋ ಗೊತ್ತಿಲ್ಲ. ನೀವು ರತ್ನಪಕ್ಷಿ ಅನ್ನೋದು ನಮ್ಮ ಕಡೆ ಕೆಂಬೂತ. ನವಿಲು ನೋಡಿ ಪುಕ್ಕ ಕೆದರಿಕೊಂಡಿತು ಅಂತ ಗಾದೆಯಲ್ಲಿ ಪಾಪ ಬೈಸ್ಕೊಳತ್ತಲ್ಲ, ಅದೇ. ನೋಡೋಕೆ ಮಾಣಿಕ್ಯದ ಕಣ್ಣು, ಇಟ್ಟಿಗೆ ಬಣ್ಣದ ರೆಕ್ಕೆ, ನಡಿಗೆ ಗೌಡ್ರ ಥರ. ಆದ್ರೆ ಅದು ಓತಿಕ್ಯಾತ, ಬಸವನಹುಳು, ಹಾವಿನ ಮರಿ ಜೊತೆಗೆ ಬೇರೆ ಹಕ್ಕಿ ಮೊಟ್ಟೆ, ಮರಿನೂ ತಿನ್ನತ್ತೆ. ಪೊದೆ ಒಳಗೆ ನುಗ್ಗಿ ಹುಡುಕೋದೇ ಅದರ ಕಸುಬು. ನಿಮ್ಮತ್ತೆಗೆ ಹೇಳ್ಬೇಡಿ.

ಹಿತ್ತಲಗಿಡ

ಔಷಧಿ ಬಗ್ಗೆ ನಾನು ಹೇಳ್ತೀನಿ, ಯಾಕಂದ್ರೆ ನಮ್ಮಪ್ಪಂದು ರೇಷ್ಮೆ, ಹಿಟ್ಟು ತಿಗಣೆ, ಅಂದ್ರೆ ನೀವು ಹೇಳಿದ ಬಿಳೀ ಹಿಟ್ಟು ಹುಳ, ಅದರ ಜೊತೆ ಜಗಳ ಆಡೇ ನಾನು ದೊಡ್ಡೋನಾಗಿದ್ದು.

ಮೇಡಂ ದಯವಿಟ್ಟು ಹೊಡೀಬೇಡಿ. ಪಿಕಳಾರ ನಿಮ್ಮ ಕಣ್ಣಿಗೆ ಹಣ್ಣು ತಿನ್ನೋ ಹಕ್ಕಿ, ಮರಿಗೆ ಮಾತ್ರ ಹುಳ ತಂದು ಹಾಕತ್ತೆ, ಎಳೇ ಮರಿಗೆ ಮೆತ್ತನೆ ಕಂಬಳಿಹುಳ ಮಿಡತೆನೇ ಬೇಕು. ಹುಳಕ್ಕೆ ವಿಷ ಹಾಕಿದ್ರೆ ಅದೇ ಹುಳ ಮರಿ ಬಾಯಿಗೆ ಹೋಗೋದು. ಅದೂ ಅದೇ ಗಿಡದ ಮೇಲೆ ಕೂತಿರೋ ತಾಯಿ ಮೈಮೇಲೆ ಸ್ಪ್ರೇ ಬೀಳೋದು ಬೇರೆ.

ಇನ್ನೊಂದು ವಿಷಯ, ಗಿಡದ ಬುಡ ನೋಡಿ, ಇರುವೆ ಸಾಲು ಇರತ್ತೆ ಬೆಟ್ ಕಟ್ತೀನಿ. ಹಿಟ್ಟು ತಿಗಣೆ ಸಿಹಿ ಅಂಟು ಬಿಡತ್ತೆ, ಆ ಆಸೆಗೆ ಇರುವೆ ಅದನ್ನ ಹಸು ಸಾಕಿದಂಗೆ ಸಾಕತ್ತೆ, ಬೇರೆ ಹುಳ ಬಂದು ತಿನ್ನದಂಗೆ ಕಾಯತ್ತೆ, ಒಂದು ಗಿಡದಿಂದ ಇನ್ನೊಂದು ಗಿಡಕ್ಕೆ ಹೊತ್ಕೊಂಡೂ ಹೋಗತ್ತೆ. ಇರುವೆ ನಿಂತ್ರೆ ಅರ್ಧ ಕೆಲಸ ಮುಗೀತು. ಬುಡಕ್ಕೆ ಒಂದಡಿ ಮೇಲೆ ಬಟ್ಟೆ ಸುತ್ತಿ ಅದರ ಮೇಲೆ ಗ್ರೀಸ್ ಸವರಿ, ತೊಗಟೆಗೆ ನೇರವಾಗಿ ಸವರಬೇಡಿ. ಗೂಡಿಂದ ದೂರ ಇರೋ ಕೊಂಬೆಗಳಲ್ಲಿ ಹಳೇ ಟೂತ್‌ಬ್ರಷ್ಷು ಸೋಪಿನ ನೀರಲ್ಲಿ ಅದ್ದಿ ಉಜ್ಜಿ, ತುಂಬಾ ಹತ್ತಿರೋ ತುದಿ ಕತ್ತರಿಸಿ ಸುಟ್ಟುಬಿಡಿ. ಗೂಡಿರೋ ಕೊಂಬೆ ಮುಟ್ಟಬೇಡಿ, ಮೂರು ವಾರಕ್ಕೆ ದಾಸವಾಳ ಸಾಯಲ್ಲ, ಅದು ಸಾಯೋ ಜಾತಿನೇ ಅಲ್ಲ.

ಆಮೇಲೆ ಉಜ್ಜೋಕೆ ಮುಂಚೆ ಕಣ್ಣಿಟ್ಟು ನೋಡಿ. ಹಿಟ್ಟು ತಿಗಣೆಗಿಂತ ದೊಡ್ಡದು, ಮೈತುಂಬ ಬಿಳೀ ಕುಚ್ಚು ಬಿಟ್ಕೊಂಡು ಸರಸರ ಓಡಾಡೋದು ಕಂಡ್ರೆ ಅದನ್ನ ಬಿಟ್ಬಿಡಿ. ಅದು ಗುಲಗಂಜಿ ದುಂಬಿಯ ಒಂದು ಜಾತಿಯ ಮರಿ, ಹಿಟ್ಟು ತಿಗಣೆ ತಿನ್ನೋಕೇ ಹುಟ್ಟಿದ್ದು. ನಮ್ಮಮ್ಮ ಎಷ್ಟೋ ವರ್ಷ ಅದನ್ನೇ ಹುಳ ಅಂತ ಹೊಸಕಿ ಹಾಕ್ತಿದ್ರು.

2008ರ ಸುಮಾರಿಗೆ ಪಪ್ಪಾಯ ಹಿಟ್ಟು ತಿಗಣೆ ಅಂತ ಹೊರದೇಶದ್ದು ಒಂದು ಕೊಯಮತ್ತೂರು ಕಡೆ ಮೊದ್ಲು ಕಾಣಿಸ್ತು, ಆಮೇಲೆ ನಮ್ಮ ಹಿಪ್ಪುನೇರಳೆಗೂ ಬಂತು, ಏನ್ ಹೊಡೆದ್ರೂ ಬಗ್ಗಲಿಲ್ಲ. ಕೊನೆಗೆ 2010ರಲ್ಲಿ ಪೋರ್ಟೊ ರಿಕೊದಿಂದ ಎಳ್ಳಿಗಿಂತ ಚಿಕ್ಕ ಕಣಜ ತರಿಸಿ ಬಿಟ್ರು ಬೆಂಗಳೂರಿನ ಕೃಷಿ ಕೀಟ ವಿಜ್ಞಾನಿಗಳು, ಆ ಕಣಜ ತಿಗಣೆ ಒಳಗೇ ಮೊಟ್ಟೆ ಇಟ್ಟು ಅದನ್ನ ಮುಗಿಸ್ತು. ಔಷಧಿ ಹೊಡೆದ ತೋಟದಲ್ಲಿ ಆ ಕಣಜನೂ ಸಾಯ್ತಿತ್ತು, ಹೊಡೀದವ್ರದ್ದು ಬೇಗ ಸುಧಾರಿಸ್ತು. ಸೋಮಾರಿತನಕ್ಕೆ ಪ್ರೈಜ್ ಸಿಕ್ಕಿದ್ದು ನಮ್ಮ ಮನೇಲಿ ಅದೊಂದೇ ಸಲ.

ಹೊಲದವ

ಎಲ್ರೂ ಹಕ್ಕಿ ಹಕ್ಕಿ ಅಂತ ಕುಣೀತಿದೀರ, ಕುಣೀರಿ. ಸಿಟೀಲಿ ಒಂದು ಹಕ್ಕಿ ಗೂಡು ಕಟ್ಟಿದ್ರೆ ಫೋಟೋ ತೆಗೀತೀರ, ನಮ್ಮ ಕಡೆ ಬನ್ನಿ ತುಮಕೂರು ಕಡೆ. ರಾಗಿ ಪೈರು ಬಿಟ್ರೆ ನವಿಲು, ಟೊಮೇಟೊ ಕೆಂಪಾದ್ರೆ ನವಿಲು, ಸೀಬೆ ದೋರೆ ಆದ್ರೆ ಗಿಣಿ, ಮಾವಿಗೆ ಮಂಗ, ಶೇಂಗಾಕ್ಕೆ ಹಂದಿ. ಗಿಣಿ ತಿಂದ್ರೂ ಬೇಜಾರಿಲ್ಲ, ಒಂದು ಕಚ್ಚು ಕಚ್ಚಿ ಕೆಳಗೆ ಹಾಕಿ ಇನ್ನೊಂದಕ್ಕೆ ಹೋಗತ್ತಲ್ಲ ಅದಕ್ಕೆ ಉರಿಯೋದು. ಹತ್ತು ಸೀಬೆ ಗಿಡದಲ್ಲಿ ಮೂರು ಗಿಡದ್ದು ನನಗೆ ಸಿಕ್ರೆ ಹೆಚ್ಚು. ಕಾನೂನು ಬೇರೆ ಅವುಗಳ ಕಡೆಗೇ.

ಮೇಡಂಗೆ ನನ್ನ ಸಲಹೆ, ಗೂಡು ಇರ್ಲಿ, ಆದ್ರೆ ಮುಂದೆ ನೀರು, ಕಾಳು, ಅದು ಇದು ಇಟ್ಟು ಅಭ್ಯಾಸ ಮಾಡಿಸ್ಬೇಡಿ. ಒಂದ್ಸಲ ರುಚಿ ಕಂಡ್ರೆ ಕರಿಬೇವಿನ ಗಿಡನೂ ನಿಮ್ದಲ್ಲ.

ಕೇಪಳ

ಹೊಲದವ ಅಣ್ಣ, ನಿಮ್ಮ ಕಷ್ಟ ಸುಳ್ಳಲ್ಲ ಮಾರಾಯ್ರೆ. ನಮ್ಮಲ್ಲಿ ಮಂಗ ತೆಂಗಿನ ಮರದ ಬೊಂಡ ಕಿತ್ತು ಎಸೆಯುವುದು ನೋಡಿದ್ರೆ ನನಗೂ ಕಣ್ಣಲ್ಲಿ ನೀರು ಬರ್ತದೆ. ಆದ್ರೆ ಪಿಕಳಾರಕ್ಕೂ ಮಂಗಕ್ಕೂ ಒಂದೇ ತಕ್ಕಡಿ ಹಿಡೀಬೇಡಿ.

ತುಳಸಿಕಟ್ಟೆಯವ್ರೇ, ನಮ್ದು ಉಡುಪಿ ಹತ್ರ ಹಳ್ಳಿ. ನಮ್ಮ ಬಚ್ಚಲುಮನೆ ಹಿಂದೆ ಬಟ್ಟೆ ಒಣಗಿಸುವ ಸರಿಗೆ ಉಂಟು, ಅದಕ್ಕೆ ಕಳೆದ ವರ್ಷ ಸೂರಕ್ಕಿ, ಹೂವಿನ ಮಕರಂದ ಕುಡಿಯುವ ಪುಟ್ಟ ಹಕ್ಕಿ, ಗೂಡು ನೇತು ಹಾಕಿತ್ತು. ಗೂಡು ಅಂದ್ರೆ ಗೂಡಲ್ಲ, ಯಾರೋ ಕಸ ಗುಡಿಸಿ ಜೇಡನ ಬಲೆಯಲ್ಲಿ ಕಟ್ಟಿ ತೂಗು ಹಾಕಿದ ಹಾಗೆ, ಒಣ ಎಲೆ, ತೊಗಟೆ ಚೂರು, ಕಂಬಳಿಹುಳದ ಹಿಕ್ಕೆ, ಎಲ್ಲ ಅಂಟಿಸಿಕೊಂಡು. ಪಕ್ಕದಲ್ಲಿ ಪುಟ್ಟ ಬಾಗಿಲು, ಅದರ ಮೇಲೊಂದು ಮಾಡು ಬೇರೆ, ಮಳೆ ನೀರು ಒಳಗೆ ಹೋಗ್ಬಾರ್ದು ಅಂತ. ಕಟ್ಟಿದ್ದೆಲ್ಲ ಹೆಣ್ಣೇ. ಗಂಡು ಏನು ಮಾಡಿತು ಕೇಳಿ, ಅಲ್ಲೇ ಕೇಪಳದ ಹೂವಿನ ಗಿಡದ ಮೇಲೆ ಕೂತು ಹಾಡಿತು, ಅಷ್ಟೇ. ಮರಿ ಆದ ಮೇಲೆ ಊಟ ತರುವುದಕ್ಕೆ ಮಾತ್ರ ಸೇರಿತು, ಅದು ಹೇಳ್ಬೇಕು. ನಮ್ಮ ಅಮ್ಮ ಒಂದು ತಿಂಗಳು ಆ ಸರಿಗೆಗೆ ಬಟ್ಟೆ ಹಾಕ್ಲಿಲ್ಲ, ಮಳೆಗಾಲ ಹತ್ರ ಬಂದಿತ್ತು, ಎಲ್ಲರ ಒಳಬಟ್ಟೆ ಜಗಲಿಯಲ್ಲಿ ಒಣಗ್ತಿತ್ತು, ನೆಂಟರು ಬಂದ್ರೂ ಅದೇ.

ನಿಮ್ಮ ಜಾಗದಲ್ಲಿ ಬಾಳೆ ಉಂಟಲ್ಲ, ಗೊನೆ ಬಿಟ್ಟಾಗ ಹೂವನ್ನು ತಕ್ಷಣ ಕೊಯ್ದು ಪಲ್ಯ ಮಾಡ್ಬೇಡಿ, ಒಂದು ವಾರ ಬಿಡಿ, ಸೂರಕ್ಕಿ ಬಂದು ನೇತಾಡುವುದು ನೋಡ್ಬೇಕು. ಸಂಜೆ ಬಾವಲಿನೂ ಬರ್ತದೆ. ಸಕ್ಕರೆ ನೀರು ಬಾಟ್ಲಿಯಲ್ಲಿ ಕಟ್ಟುವುದು ವಿಡಿಯೋದಲ್ಲಿ ತೋರಿಸ್ತಾರೆ, ಅದೆಲ್ಲ ಬೇಡ. ಎರಡು ದಿನಕ್ಕೆ ಹುಳಿ ಬಂದು ಇರುವೆ ಮುತ್ತಿ ಹಕ್ಕಿಗೇ ರೋಗ. ದಾಸವಾಳ, ಕೇಪಳ, ಬಾಳೆ ಇದ್ದ ಮನೆಗೆ ಸೂರಕ್ಕಿಗೆ ಬೇರೆ ಹೋಟ್ಲು ಯಾಕೆ?

ಮತ್ತೆ ಕರಿಬೇವಿನ ಎಲೆ ಯಾರೋ ಕತ್ತರಿಸಿದ ಹಾಗೆ ಕಂಡ್ರೆ ಗಾಬರಿ ಬೇಡ, ಎಲೆ ಮೇಲೆ ಹಕ್ಕಿ ಹಿಕ್ಕೆಯ ಹಾಗೆ ಕಾಣುವ ಹುಳ ಇರ್ತದೆ, ದೊಡ್ಡದಾದ ಮೇಲೆ ಹಸಿರಾಗ್ತದೆ, ಅದು ಲಿಂಬೆ ಚಿಟ್ಟೆಯದ್ದು. ನಿಮ್ಮ ಮಗನಿಗೆ ತೋರಿಸಿ. ಮುಟ್ಟಿದ್ರೆ ತಲೆಯಿಂದ ಎರಡು ಕೊಂಬು ಹೊರಗೆ ಹಾಕಿ ವಾಸನೆ ಬಿಡ್ತದೆ, ಮಕ್ಕಳಿಗೆ ಭಾರೀ ಖುಷಿ. ಹತ್ತು ಎಲೆ ಹೋದ್ರೆ ಸಾರಿಗೆ ಕಮ್ಮಿ ಆಗುವುದಿಲ್ಲ.

ಮೂರನೇ ಮಹಡಿ

ಹೊಲದವ ಸರ್ ಕಾನೂನು ಅಂದ್ರಲ್ಲ, ಅದೊಂದು ತಿಳ್ಕೊಂಡಿರೋದು ಒಳ್ಳೇದು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಹಕ್ಕಿ ಮೊಟ್ಟೆ ಗೂಡು ಹಾಳು ಮಾಡೋದೂ ಬೇಟೆ ಅನ್ನೋ ಲೆಕ್ಕಕ್ಕೇ ಬರತ್ತೆ. ಗಿಣಿ ಪಂಜರದಲ್ಲಿ ಸಾಕೋದೂ ಅಷ್ಟೇ, ನಮ್ಮೂರಲ್ಲಿ ಮನೆಗೊಂದು ಇದ್ರೂ ಸಹ. ಹಾಗಂತ ತುಳಸಿಕಟ್ಟೆ ಮೇಡಂ ಹೆದರ್ಕೋಬೇಡಿ, ನಿಮ್ಮನೆಯವ್ರಿಗೆ ಹೇಳೋಕೆ ಒಂದು ಪಾಯಿಂಟ್ ಇರ್ಲಿ ಅಂತ ಬರೆದೆ.

ನನಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚು. ನಾನಿರೋದು ಬೆಂಗಳೂರಲ್ಲಿ ಅಪಾರ್ಟ್‌ಮೆಂಟು, ಬಾಲ್ಕನಿ ಆರಡಿ, ಬರೋದೆಲ್ಲ ಪಾರಿವಾಳ. ಎಸಿ ಹಿಂದೆ ಕಡ್ಡಿ ನಾಲ್ಕು ಹಾಕಿ ಗೂಡು ಅಂತ ಕರೀತವೆ, ಪಿಕಳಾರದ ಕೆಲಸದ ಮುಂದೆ ಅದು ನಾಚಿಕೆಗೇಡು. ಆದ್ರೂ ಬಾಲ್ಕನಿಗೆ ನೆಟ್ ಹಾಕ್ದೇ ಬಿಟ್ಟಿದ್ದಕ್ಕೆ ಒಂದು ಲಾಭ ಆಯ್ತು, ಕುಂಡದಲ್ಲಿರೋ ದೊಡ್ಡಪತ್ರೆ ಹೂವಿಗೆ ದಿನಾ ಹನ್ನೊಂದು ಗಂಟೆಗೆ ಸೂರಕ್ಕಿ ಬರತ್ತೆ, ನನ್ನ ಮೀಟಿಂಗ್ ಟೈಮಿಗೆ ಸರಿಯಾಗಿ, ಕ್ಯಾಮೆರಾ ಆಫ್ ಮಾಡಿ ಎದ್ದು ಹೋಗ್ತೀನಿ.

ನಿಮ್ಮ ಮಗನಿಗೆ ಒಂದು ಹೇಳಿ, ಮೊಬೈಲಲ್ಲಿ ಮರ್ಲಿನ್ ಅಂತ ಆಪ್ ಇದೆ, ಫ್ರೀ, ಹಕ್ಕಿ ಕೂಗ್ತಿರುವಾಗ ರೆಕಾರ್ಡ್ ಒತ್ತಿದ್ರೆ ಯಾವುದು ಅಂತ ಹೇಳತ್ತೆ. ಕೆಲವು ಸಲ ಅಳಿಲಿನ ಚಿಕ್‌ಚಿಕ್‌ಗೂ ಯಾವ್ದೋ ಹಕ್ಕಿ ಹೆಸ್ರು ಹೇಳಿ ಮಾನ ಕಳೆಯತ್ತೆ, ಅದನ್ನ ಕಣ್ಣಲ್ಲಿ ನೋಡಿ ಖಾತ್ರಿ ಮಾಡ್ಕೋಬೇಕು. ಪ್ರತಿ ಫೆಬ್ರವರೀಲಿ ನಾಲ್ಕು ದಿನ ಮನೆ ಅಂಗಳದ ಹಕ್ಕಿ ಎಣಿಕೆ ನಡೆಯತ್ತೆ ಪ್ರಪಂಚದಾದ್ಯಂತ, ಕನಿಷ್ಠ ಹದಿನೈದು ನಿಮಿಷ ಒಂದು ಕಡೆ ಕೂತು ಎಣಿಸಿ ಹಾಕಿದ್ರೆ ಸಾಕು. ನಾನು ಈ ವರ್ಷ ಬಾಲ್ಕನಿಯಿಂದ ಎಣಿಸಿದ್ದು ಒಂಬತ್ತು ಜಾತಿ, ಅದರಲ್ಲಿ ಪಾರಿವಾಳ ಮಾತ್ರ ಐವತ್ತೆರಡು. ನಿಮ್ಮ ಸೈಟಿಂದ ಆರಾಮಾಗಿ ಇಪ್ಪತ್ತು ದಾಟತ್ತೆ.

ಕೊನೇದಾಗಿ ಒಂದು, ಕಾರು ಪೋರ್ಟಿಕೋದಲ್ಲಿ ನಿಲ್ಲಿಸ್ತೀರಾ? ಕನ್ನಡಿಗೆ ಹಳೇ ಕಾಲುಚೀಲ ಹಾಕಿ. ಗೂಡಿರುವಾಗ ಕನ್ನಡೀಲಿ ಕಾಣೋದು ಎದುರಾಳಿ ಅಂತ ದಿನವಿಡೀ ಕುಕ್ಕಿ ಕುಕ್ಕಿ ಸುಸ್ತಾಗತ್ತೆ, ನಮ್ಮ ಬೇಸ್‌ಮೆಂಟ್ ಹೊರಗೆ ಮಡಿವಾಳ ಹಕ್ಕಿ ಇದೇ ಕೆಲಸ ಮಾಡಿ ಒಂದು ಹೊಸ ಕಾರಿನ ಮಾಲೀಕರು ವಾಚ್‌ಮನ್‌ಗೆ ಬೈದು ರಾದ್ಧಾಂತ ಆಗಿತ್ತು.

ಗದಗಿನ ಗುಬ್ಬಿ

ನಮಸ್ಕಾರ್ರೀ ಎಲ್ಲಾರ್ಗೂ. ನಿಮ್ಮ ಕಡೆ ಬಾಳಿ, ದಾಸಾಳ, ಸೀಬಿ ಅಂತ ಓದಿ ಓದಿ ನನಗ ಹೊಟ್ಟಿ ಉರ್ಯಾಕ್ಹತ್ತೇತಿ. ನಮ್ಮ ಮನಿ ಮುಂದ ಒಂದು ಬೇವಿನ ಗಿಡ, ಎರಡು ಕುಂಡ್ಯಾಗ ತುಳಸಿ, ಇಷ್ಟ ನಮ್ಮ ತ್ವಾಟ. ಆದ್ರೂ ಏಪ್ರಿಲ್ ಬಂತಂದ್ರ ಬಿಸಲು 40ಕ್ಕ ಏರತೈತಿ, ಆವಾಗ ಬೇವಿನ ನೆರಳಿಗೆ ಒಂದು ಅಗಲ ಮಣ್ಣಿನ ಬಟ್ಟಲದಾಗ ನೀರು ಇಡ್ತೇವ್ರಿ. ಬರೋರು ನೋಡ್ಬೇಕ ನೀವು. ಮೊದಲ ಗುಬ್ಬಿ, ಆಮ್ಯಾಲೆ ಗೊರವಂಕ, ಮಧ್ಯಾಹ್ನ ಹರಟೆಮಲ್ಲ ಏಳೆಂಟು ಮಂದಿ ಕೂಡೇ ಬಂದು ಜಗಳಾಡಿ ನೀರು ಚೆಲ್ಲಿ ಹೋಗ್ತಾವು. ಒಂದು ದಿನ ಮುಂಗಲಿ ಬಂದು ಕುಡದು ನನ್ನ ಮಾರಿ ನೋಡಿ ಸಾವಕಾಶ ಹೋತು.

ಅಣ್ಣಾವ್ರು ಹೊಲದವರು ನೀರು ಇಡಬ್ಯಾಡ್ರಿ ಅಂದ್ರು, ನಾ ಒಪ್ಪೂದಿಲ್ಲ. ಕಾಳು ಬ್ಯಾಡ ಅಂದ್ರ ಸರಿ, ನೀರು ಬ್ಯಾಡ ಅನ್ನಬ್ಯಾಡ್ರಿ. ಆದ್ರ ಇಡೂದಕ್ಕೂ ಒಂದು ರೀತಿ ಐತಿ. ಆಳ ಎರಡು ಇಂಚಿನ ಮ್ಯಾಲ ಬ್ಯಾಡ, ನಡುವ ಒಂದು ಕಲ್ಲ ಇಡ್ರಿ, ಸಣ್ಣ ಹಕ್ಕಿ ಮುಳಗಂಗಿಲ್ಲ, ಜೇನಹುಳ ಸೈತ ಕೂತು ಕುಡೀತಾವು. ದಿನಾ ಚೆಲ್ಲಿ, ತೆಂಗಿನ ಜುಬ್ಬರದಿಂದ ತಿಕ್ಕಿ ಹೊಸಾ ನೀರು ಹಾಕ್ರಿ, ಇಲ್ಲಾಂದ್ರ ವಾರದಾಗ ಸೊಳ್ಳಿ ಆಗ್ತಾವು, ಡೆಂಗಿ ಬಂದ್ರ ಹಕ್ಕಿಗೆ ಬೈತಾರ. ಗಿಡಗಂಟಿಗೆ ಹತ್ತಿ ಇಡಬ್ಯಾಡ್ರಿ, ಬೆಕ್ಕು ಅಡಗಿ ಕೂಡ್ತೈತಿ, ನಾಕೈದು ಹೆಜ್ಜಿ ಬಯಲದಾಗ ಇರ್ಲಿ, ತಪ್ಪಿಸಿಕೊಂಡು ಹಾರಾಕ ಮ್ಯಾಲ ಟೊಂಗಿ ಇರ್ಬೇಕು.

ಗುಬ್ಬಿ ಯಾಕ ಕಡಿಮಿ ಆದ್ವು ಅಂತ ಎಲ್ಲಾರೂ ಕೇಳ್ತಾರ. ನಮ್ಮ ಹಳೀ ಮನಿ ಮಣ್ಣಿನ ಮ್ಯಾಳಗಿ, ಜಂತಿ ಸಂದಿ ಸಂದಿಗೆ ಗುಬ್ಬಿ ಗೂಡು, ಅಂಗಳದಾಗ ಜ್ವಾಳಾ ಒಣಾ ಹಾಕೂದು. ಈಗ ಆರ್‌ಸಿಸಿ ಕಟ್ಟೇವಿ, ಒಂದು ಬಟ್ಟು ತೂರಸೂ ಅಷ್ಟು ಸಂದಿ ಇಲ್ಲ, ಜ್ವಾಳಾ ಪ್ಯಾಕೆಟ್ಟಿನ್ಯಾಗ ಬರತೈತಿ. ಅವರ ಎಲ್ಲಿ ಇರ್ಬೇಕು? ನಾ ಹಳೀ ಹಲಗಿಯಿಂದ ಪೆಟಗಿ ಮಾಡಿ ಗ್ವಾಡಿಗೆ ಎಂಟು ಅಡಿ ಮ್ಯಾಲ ಹೊಡದೇನಿ, ತೂತು ಒಂದೂಕಾಲು ಇಂಚು, ಅದಕ್ಕಿಂತ ದೊಡ್ಡದು ಮಾಡಿದ್ರ ಗೊರವಂಕ ಬಂದು ಮನಿ ಕಸಗೋತೈತಿ. ಮೊದಲ ವರ್ಷ ಯಾರೂ ಬರ್ಲಿಲ್ಲ, ನಮ್ಮಾಕಿ ನಗತಿದ್ಲು. ಎರಡನೇ ವರ್ಷ ಬಂದ್ವು. ಈಗ ಮೂರು ಪೆಟಗಿ ಅದಾವು, ಮೂರೂ ಭರ್ತಿ.

ತುಳಸಿಕಟ್ಟೆ

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಇಷ್ಟು ಜನ ಬರೀತಾರೆ ಅನ್ಕೊಂಡಿರ್ಲಿಲ್ಲ.

ಅಡಿಕೆಸೋಗೆ ಸರ್ ಹೇಳಿದ ಹಾಗೇ ಮಾರನೇ ದಿನ ಮೂರನೇ ಮೊಟ್ಟೆ! ಹಿತ್ತಲಗಿಡ ಅವ್ರು ಬೆಟ್ ಗೆದ್ರು, ಬುಡದಲ್ಲಿ ಕಪ್ಪಿರುವೆ ಸಾಲು. ನಾನು ಮಗ ಸೇರ್ಕೊಂಡು ಗ್ರೀಸ್ ಹಾಕಿದ್ವಿ. ಅತ್ತೆಗೆ ಔಷಧಿ ಬಗ್ಗೆ ಹೇಗೆ ಹೇಳೋದು ಅಂತ ಯೋಚ್ನೆ ಮಾಡ್ತಿದ್ದೆ, ಅವರೇ ಒಂದು ದಿನ ಹೂವು ಕೀಳೋಕೆ ಹೋಗಿ, ತಾಯಿ ಕದಲದೇ ಕೂತು ಇವ್ರನ್ನೇ ದಿಟ್ಟಿಸಿ ನೋಡಿದ್ದು ನೋಡಿ ವಾಪಸ್ ಬಂದು, ಬಾಣಂತಿ ಮನೇಲಿ ಔಷಧಿ ಹೊಡೀತಾರೇನೇ, ಆ ಡಬ್ಬ ಅಂಗಡಿಗೆ ವಾಪಸ್ ಕೊಟ್ಟು ಬಾ ಅಂದ್ರು. ಆ ಗಿಡದ ಹೂವೂ ಕೀಳಲ್ಲ ಈಗ, ದೇವ್ರಿಗೆ ನಂದಬಟ್ಲು ಸಾಕಂತೆ.

ಪೇಂಟರ್ ಮೊದ್ಲು ನಕ್ಕ, ಆಮೇಲೆ ಅವನೇ ಕಂಬಕ್ಕೆ ಹಳೇ ಸೀರೆ ಅಡ್ಡ ಕಟ್ಟೋಣ್ವಾ ಅಂದ, ಬೇಡ ಅಂದ್ವಿ, ತಾಯಿ ಬರೋ ದಾರಿ ಮುಚ್ಚತ್ತೆ ಅಂತ. ಹದಿಮೂರನೇ ದಿನ ಎರಡು ಮರಿ ಒಡೀತು, ಮೂರನೇ ಮೊಟ್ಟೆ ಹಾಗೇ ಉಳೀತು. ಮರಿ ನೋಡೋಕೆ ಏನ್ ಚೆನ್ನಾಗಿಲ್ಲ ನಿಜ ಹೇಳ್ಬೇಕಂದ್ರೆ, ಬೆತ್ತಲೆ, ಕಣ್ಣು ಮುಚ್ಚಿದೆ, ಗೂಡು ಅಲ್ಲಾಡಿದ್ರೆ ಸಾಕು ಬಾಯಿ ಅಗಲಿಸಿ ಮೇಲೆತ್ತತ್ತೆ, ಮೈಗಿಂತ ಬಾಯೇ ದೊಡ್ಡದು. ಗಂಡ ಹೆಂಡ್ತಿ ಇಬ್ರೂ ತಂದು ಹಾಕ್ತಾರೆ. ಮಗ ಕಿಟಕಿ ಒಳಗಿಂದ ಒಂದು ಗಂಟೇಲಿ ಹದಿನಾರು ಸಲ ಅಂತ ಲೆಕ್ಕ ಮಾಡಿದಾನೆ, ಮ್ಯಾಥ್ಸ್ ನೋಟ್‌ಬುಕ್ ಹಿಂದಿನ ಪೇಜಲ್ಲಿ.

ಸರ್, ಕೆಂಬೂತದ ವಿಷ್ಯ ಅತ್ತೆಗೆ ಹೇಳಿಲ್ಲ. ಆದ್ರೆ ನನಗೀಗ ಅದು ಕಾಂಪೌಂಡ್ ಮೇಲೆ ಬಂದ್ರೆ ಎದೆ ಡವಡವ ಅನ್ನತ್ತೆ. ಓಡಿಸಿದ್ರೆ ಅತ್ತೆ ಬೈತಾರೆ. ಏನ್ ಮಾಡ್ಲಿ?

ಅಡಿಕೆಸೋಗೆ

ಏನೂ ಮಾಡ್ಬೇಡಿ ಮೇಡಂ. ನೀವು ಅಲ್ಲಿ ಬೆಳಿಗ್ಗೆ ಕೂತು ಪೇಪರ್ ಓದಿ, ಜನ ಓಡಾಡೋ ಕಡೆ ಅದು ಹತ್ರ ಬರೋಕೆ ಅಳುಕತ್ತೆ. ಪಿಕಳಾರ ಪೋರ್ಟಿಕೋ ಆರಿಸಿಕೊಂಡಿದ್ದೂ ಬಹುಶಃ ಅದಕ್ಕೇ. ಮನುಷ್ಯರು ಇರೋ ಕಡೆ ಕಾಗೆ, ಕೆಂಬೂತ ಸ್ವಲ್ಪ ದೂರ. ಅದರ ಮೇಲೂ ಹೋದ್ರೆ ಹೋಯ್ತು, ಕೆಂಬೂತಕ್ಕೂ ಎಲ್ಲೋ ಪೊದೇಲಿ ಬಾಯಿ ತೆಕ್ಕೊಂಡು ಕೂತಿರೋ ಮರಿ ಇರತ್ತೆ.

ಮರಿ ಗೂಡು ಬಿಡೋ ದಿನ ಮಾತ್ರ ಹುಷಾರು. ಸರಿಯಾಗಿ ಹಾರೋಕೆ ಬರೋಕೆ ಮುಂಚೆನೇ ಹೊರಗೆ ಬಿದ್ಬಿಡತ್ತೆ, ಬಾಲ ಮೋಟಾಗಿರತ್ತೆ, ನೆಲದಲ್ಲಿ ಕುಪ್ಪಳಿಸ್ತಾ ಇರತ್ತೆ. ಅನಾಥ ಅಂತ ಒಳಗೆ ತಂದು ಡಬ್ಬೀಲಿ ಇಟ್ಟು ಅನ್ನ ಹಾಲು ಹಾಕೋರೇ ಜಾಸ್ತಿ, ಅದರಿಂದಾನೇ ಸಾಯತ್ತೆ. ತಾಯಿ ಅಲ್ಲೇ ಇರತ್ತೆ. ತೀರಾ ದಾರೀಲಿದ್ರೆ ಎತ್ತಿ ಹತ್ತಿರದ ಕೊಂಬೆ ಮೇಲೆ ಕೂರಿಸಿ, ಮನುಷ್ಯರ ಕೈ ವಾಸನೆಗೆ ತಾಯಿ ಬಿಟ್ಟು ಹೋಗತ್ತೆ ಅನ್ನೋದು ಸುಳ್ಳು. ಬೆಕ್ಕಿದ್ರೆ ಎರಡು ದಿನ ಕಟ್ಟಿಹಾಕಿ.

ತುಳಸಿಕಟ್ಟೆ

ನಿಶ್ಚಿತಾರ್ಥ ಮುಗೀತು, ಈಗ ಬಿಡುವಾಯ್ತು, ಬರೀತಿದೀನಿ.

ಕೆಟ್ಟ ಸುದ್ದಿ ಮೊದ್ಲು. ಇಪ್ಪತ್ತಮೂರನೇ ದಿನ ಬೆಳಿಗ್ಗೆ ಆರೂವರೆ, ನಾನು ಹಾಲು ತರೋಕೆ ಗೇಟ್ ಹತ್ರ ಹೋಗಿದ್ದೆ ಅಷ್ಟೇ. ಪಿಕಳಾರ ಎರಡೂ ಕಿರಿಚೋದು ಕೇಳಿಸ್ತು, ತಿರುಗಿ ನೋಡಿದ್ರೆ ದಾಸವಾಳದ ಒಳಗಿಂದ ಇಟ್ಟಿಗೆ ಬಣ್ಣದ ರೆಕ್ಕೆ. ಒಂದು ಮರಿ ಕೊಕ್ಕಲ್ಲಿ ಹಿಡ್ಕೊಂಡು ಕಾಂಪೌಂಡ್ ಮೇಲೆ ನಿಧಾನಕ್ಕೆ, ಅದೇ ಗೌಡ್ರ ನಡಿಗೆ ಸರ್, ನಡ್ಕೊಂಡು ಹೋಯ್ತು. ಅತ್ತೆ ಕಾಫಿ ಲೋಟ ಹಿಡ್ಕೊಂಡು ಬಾಗ್ಲಲ್ಲೇ ನಿಂತಿದ್ರು, ಒಂದು ಕೈ ಅರ್ಧ ಎತ್ತಿದ್ರು ಮುಗಿಯೋಕೆ, ಹಾಗೇ ನಿಂತುಬಿಡ್ತು. ಆಮೇಲೆ ಚಪ್ಪಲಿ ಎಸೆದ್ರು. ನಮ್ಮತ್ತೆ ರತ್ನಪಕ್ಷಿಗೆ ಚಪ್ಪಲಿ ಎಸೆದಿದ್ದು ನಾನು ಕಣ್ಣಾರೆ ನೋಡಿದೀನಿ, ಬೇಲಿನೇ ಎದ್ದು ಹೊಲ ಮೇಯ್ದಂಗೆ ಆಯ್ತಲ್ಲೇ ಅಂತ ಇಡೀ ದಿನ ಅಂದಿದ್ದೇ ಅಂದಿದ್ದು. ಮಗ ಸ್ಕೂಲಿಗೆ ಹೋಗ್ಲಿಲ್ಲ.

ಇನ್ನೊಂದು ಮರಿ ಉಳೀತು. ಅವತ್ತಿಂದ ಅತ್ತೆ ಪೋರ್ಟಿಕೋದಲ್ಲೇ ಕುರ್ಚಿ ಹಾಕ್ಕೊಂಡು, ಅಲ್ಲೇ ಸೊಪ್ಪು ಸೋಸೋದು, ಅಲ್ಲೇ ಹೂ ಕಟ್ಟೋದು, ಮದುವೆ ಮನೆ ಫೋನೆಲ್ಲ ಅಲ್ಲಿಂದಾನೇ. ನಿಶ್ಚಿತಾರ್ಥಕ್ಕೆ ಎರಡು ದಿನ ಇದೆ ಅನ್ನುವಾಗ ಪೇಂಟರ್ ಬ್ರಷ್ ಹಿಡ್ಕೊಂಡು ಬಂದ, ಮರಿ ಇನ್ನೂ ಗೂಡಿನ ಅಂಚಲ್ಲಿ ಕೂತಿತ್ತು, ಹಾರೋ ಮನಸ್ಸೇ ಇಲ್ಲ. ಅತ್ತೆ ಅವನನ್ನ ವಾಪಸ್ ಕಳಿಸಿದ್ರು. ಹಾಗಾಗಿ ನಿಶ್ಚಿತಾರ್ಥದ ಫೋಟೋದಲ್ಲೆಲ್ಲ ಮನೆ ಪೂರ್ತಿ ತಿಳಿ ಹಳದಿ, ಒಂದು ಕಂಬ ಮಾತ್ರ ಹಳೇ ಹಸಿರು. ಗಂಡಿನ ಅಜ್ಜಿ ಅದು ಯಾಕೆ ಅಂತ ಕೇಳಿದ್ರು. ಅತ್ತೆ ಅವ್ರ ಕೈ ಹಿಡ್ಕೊಂಡು ಹೋಗಿ ತೋರಿಸಿದ್ರು, ಅರ್ಧ ಗಂಟೆ ಅಲ್ಲೇ ನಿಂತಿದ್ರು ಇಬ್ರೂ, ತಾಂಬೂಲ ಬದಲಾಯಿಸೋಕೆ ಕರೆದ್ರೂ ಬರ್ಲಿಲ್ಲ. ಮಾರನೇ ಬೆಳಿಗ್ಗೆ ನೋಡಿದ್ರೆ ಗೂಡು ಖಾಲಿ, ಮೋಟು ಬಾಲದ್ದು ಸೀಬೆ ಮರದ ಕೆಳಗಿನ ಕೊಂಬೆಲಿ ಕೂತು 'ತಾ ತಾ' ಅಂತ ರೆಕ್ಕೆ ಅಲ್ಲಾಡಿಸ್ತಿತ್ತು.

ಈಗ ಹೊಸ ಪ್ರಶ್ನೆ. ಖಾಲಿ ಗೂಡು ಏನ್ ಮಾಡೋದು, ಮತ್ತೆ ಅದಕ್ಕೇ ಬರತ್ತಾ? ಮಗ ಸ್ಕೂಲಿಗೆ ತಗೊಂಡು ಹೋಗ್ಬೇಕಂತೆ. ಪೇಂಟರ್ ಬುಧವಾರ ಬರ್ತಾನೆ.

ಅಡಿಕೆಸೋಗೆ

ಸಾಮಾನ್ಯವಾಗಿ ಹಳೇ ಗೂಡಿಗೆ ಬರಲ್ಲ ಮೇಡಂ, ಹೊಸದೇ ಕಟ್ಟತ್ತೆ. ಹಂಗಂತ ಕಿತ್ತು ಸ್ಕೂಲಿಗೆ ಕಳಿಸ್ಬೇಡಿ, ಉಳಿದ ಮೊಟ್ಟೆ ಬೇರೆ ಅದರಲ್ಲೇ ಇದೆ. ಮಗ ಫೋಟೋ ತೆಗೆದು ತೋರಿಸ್ಲಿ. ನಾರಿನ ಗೂಡು ಮಳೆ ಬಂದ್ರೆ ತಾನೇ ಕರಗಿ ಹೋಗತ್ತೆ.

ಕಂಬಕ್ಕೆ ಬೇಗ ಬಣ್ಣ ಹೊಡಿಸ್ಬಿಡಿ. ಈ ಸೀಸನ್ನಲ್ಲೇ ಅವು ಇನ್ನೊಂದ್ಸಲ ಕೂರೋ ಸಾಧ್ಯತೆ ಇದೆ.

ತುಳಸಿಕಟ್ಟೆ

ಸರ್ ಅವು ಶುರು ಮಾಡ್ಬಿಟ್ವು. ಇವತ್ತು ಬೆಳಿಗ್ಗೆ ಕಾಲೊರೆಸೋದ್ರ ಇನ್ನೊಂದು ಮೂಲೆ ಕೀಳ್ತಿತ್ತು, ಈ ಸಲ ಗೇಟ್ ಮೇಲಿನ ಮಧುಮಾಲತಿ ಬಳ್ಳಿಗೆ. ಗೇಟಿಗೆ ಇನ್ನೂ ಪೇಂಟ್ ಆಗಿಲ್ಲ.

ಹೊಲದವ

ಮೇಡಂ, ಆ ನಾರಿನ ಕಾಲೊರೆಸೋದು ಯಾವ ಥರದ್ದು, ಹೆಣೆದಿದ್ದೋ ಇಲ್ಲ ರಬ್ಬರ್ ಹಚ್ಚಿದ್ದೋ? ಇಲ್ಲ ಸುಮ್ನೆ ಕೇಳ್ದೆ. ನಮ್ಮನೆಯವಳು ಇದೆಲ್ಲ ಓದಿಸ್ಕೊಂಡು ಕೇಳಿ, ಪಡಸಾಲೆ ಮುಂದೆ ಒಂದು ಹಾಕು ಅಂತ ಕೂತಿದಾಳೆ.